ಬನಿಯನ್ ನೂಲಿಗೆ ಒಪ್ಪುವ ಹತ್ತಿ: ನಮ್ಮ ಹೊಲದಲ್ಲಿ ಆಗಬೇಕಾದ ಕೆಲಸ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಎರಡು ಮಾತು ಆಡಲು ನಮಗೆ ಅವಕಾಶ ಕೊಟ್ಟಿದ್ದಾರೆ. ಸಂಘ ಶುರುವಾದಾಗ ನಾವು ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದದೆ ಹೊಲಕ್ಕಿಳಿದು ನಾಲ್ಕೈದು ವರ್ಷವಾಗಿತ್ತು. ಶೇರಿನ ಹಣ ತಂದೆಯವರ ಹೆಸರಿನಲ್ಲಿ ಕಟ್ಟಿದ್ದೆವು. ಆ ರಸೀದಿ ಇನ್ನೂ ನಮ್ಮ ಟ್ರಂಕಿನಲ್ಲಿದೆ. ಹಾಗಾಗಿ ಪಂಡಿತರ ಹಾಗೆ ಮಾತಾಡಲು ನಮಗೆ ಬರುವುದಿಲ್ಲ. ಕಂಡದ್ದು, ಕೇಳಿ ತಿಳಿದದ್ದು, ಪೆಟ್ಟು ತಿಂದು ಕಲಿತದ್ದು, ಇಷ್ಟನ್ನೇ ಹೇಳುತ್ತೇವೆ.

ನೂಲಿನ ಗುಣಮಟ್ಟದ ಬಗ್ಗೆ ಮಾತಾಡುತ್ತೇವೆ ಎಂದು ಕಾರ್ಯದರ್ಶಿಗಳಿಗೆ ಹೇಳಿದಾಗ ಅವರು ನಕ್ಕರು. 'ನಮ್ಮದು ತೊಗರಿ ಸೀಮಿ, ನೂಲಿನ ಸುದ್ದಿ ನಮಗ್ಯಾಕ್ರಿ?' ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿದೆ. ಆದರೆ ಈ ಸಭೆಯಲ್ಲಿರುವವರು ಎರಿ ಹೊಲದಲ್ಲಿ ಹತ್ತಿ ಹಾಕಿದವರೆಲ್ಲ ಕೈ ಎತ್ತಿರೆಂದರೆ ಎಷ್ಟು ಕೈ ಏಳುತ್ತವೆ ಎಂಬುದು ನಮಗೆ ಗೊತ್ತು. ಚಿಂಚೋಳಿ ಕಡೆಯವರು ಹೆಸರು, ಉದ್ದು, ಸೋಯಾ ಅನ್ನಬಹುದು. ಚಿತ್ತಾಪುರ, ಶಹಾಬಾದ ಕಡೆ ಹತ್ತಿ ಇಲ್ಲದ ಊರು ಕಡಿಮೆ. ತೊಗರಿಗೆ ನೆಟೆ ರೋಗ ಬಂದ ವರ್ಷ ಮನೆ ಹಿಡಿದದ್ದು ಹತ್ತಿಯೇ.

ಇನ್ನೊಂದು ಮಾತು. ನಮ್ಮ ಭಾಗಕ್ಕೂ ನೂಲಿಗೂ ಸಂಬಂಧ ಹೊಸದಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ಹೋಗುವ ರೈಲು ಶುರುವಾದದ್ದು 1874ರಲ್ಲಿ, ನಿಜಾಮರ ಕಾಲದಲ್ಲಿ. ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಕಲಬುರ್ಗಿ ಮಿಲ್ಲು, ಅಂದರೆ ನಾವೆಲ್ಲ ಎಂ.ಎಸ್.ಕೆ. ಮಿಲ್ ಎಂದು ಕರೆಯುವುದು, ಅದೂ ನಿಜಾಮರ ಕಾಲದ್ದೇ. ನಮ್ಮ ಹಳ್ಳಿಗಳಿಂದ ಆ ಮಿಲ್ಲಿನ ಭೋಂಗಾ ಕೇಳಿ ಪಾಳಿಗೆ ಹೋದ ಹಿರಿಯರಿದ್ದರು. ಮಿಲ್ಲು ಮುಚ್ಚಿ ಬಹಳ ವರ್ಷವಾಯಿತು. ಈಗ ಆ ಹೆಸರು ಒಂದು ಬಡಾವಣೆಗೆ ಉಳಿದಿದೆ, ಅಷ್ಟೆ. ನಮ್ಮ ಮಕ್ಕಳಿಗೆ ಎಂ.ಎಸ್.ಕೆ. ಮಿಲ್ ಅಂದರೆ ಆಟೋದವರು ಕೂಗುವ ಒಂದು ಜಾಗ.

ಈಗ ವಿಷಯಕ್ಕೆ ಬರುತ್ತೇವೆ. ಇದನ್ನು ಹೇಳಲು ನಮಗೆ ಸ್ವಲ್ಪ ನಾಚಿಕೆಯೂ ಇದೆ.

ಕೆಲವು ವರ್ಷದ ಹಿಂದೆ ನಾವು ಹನ್ನೊಂದು ಮಂದಿ ಸದಸ್ಯರು ಕೂಡಿ, ಅಡತಿಗೆ ಹಾಕುವುದು ಬೇಡ, ನೇರ ಜಿನ್ನಿಂಗಿಗೆ ಕೊಡೋಣ ಎಂದು ಹತ್ತಿ ಒಟ್ಟು ಮಾಡಿ ಎರಡು ಲಾರಿ ತುಂಬಿ ಕಳಿಸಿದೆವು. ಮುಂದೆ ನಿಂತು ಮಾಡಿದವರು ನಾವೇ. ಆ ಜಿನ್ನಿಂಗಿನವರು ಹೊಸೈರಿ ನೂಲು ತೆಗೆಯುವ ಮಿಲ್ಲಿಗೆ ಅರಳೆ ಕೊಡುವವರು. ಒಳ್ಳೆಯ ದರ ಮಾತಾಗಿತ್ತು. ಮೊದಲನೇ ಲಾರಿ ಸುರಿದರು. ಒಬ್ಬ ಹುಡುಗ ರಾಶಿಯ ಸುತ್ತ ತಿರುಗಿ ಕೈ ಹಾಕಿ ಹಾಕಿ ತೆಗೆದ. ಅರ್ಧ ತಾಸಿನಲ್ಲಿ ಅವನ ಬೊಗಸೆಯಲ್ಲಿ ಏನೇನಿತ್ತು ಕೇಳಿರಿ: ಬಿಳಿ ಪ್ಲಾಸ್ಟಿಕ್ಕಿನ ಎಳೆಗಳು, ನೀಲಿ ಸುತಳಿ, ಒಂದು ಗುಟಖಾ ಚೀಟಿ, ಉದ್ದ ಕೂದಲು, ಕೋಳಿ ಪುಕ್ಕ, ಸೀರೆಯ ಸೆರಗಿನ ಕೆಂಪು ದಾರ. ಬಾಯಿ ಕಟ್ಟಿದ ಒಂದು ಚೀಲ ಹಾಗೇ ಬಿದ್ದಿತ್ತು. ಅದರ ಮೇಲೆ ಯೂರಿಯಾ ಎಂದು ಅಚ್ಚಾಗಿತ್ತು.

ಆ ಚೀಲ ಎಲ್ಲಿಯದು? ನಮ್ಮ ಸಂಘದ ಗೋದಾಮಿನಿಂದಲೇ ಹೋದದ್ದು. ಗೊಬ್ಬರ ನಾವೇ ಮಾರುತ್ತೇವೆ. ಖಾಲಿ ಚೀಲದಲ್ಲಿ ಸದಸ್ಯರು ಹತ್ತಿ ತುಂಬುತ್ತಾರೆ. ಆ ಚೀಲದ ಅಂಚು ಬಿಚ್ಚಿಕೊಂಡು ಎಳೆ ಎಳೆಯಾಗಿ ಹತ್ತಿಯಲ್ಲಿ ಕೂಡುತ್ತದೆ. ನಮ್ಮ ಹೊಲದ ಚೀಲಗಳೂ ಅದರಲ್ಲಿ ಇದ್ದವು, ಸುಳ್ಳು ಹೇಳುವುದಿಲ್ಲ.

ಮಾತಾದ ದರ ಮುರಿದರು. ಎರಡನೇ ಲಾರಿ ಇಳಿಸಿಕೊಳ್ಳಲೇ ಇಲ್ಲ. ಅದನ್ನು ತಿರುಗಿ ತಂದು, ಲಾರಿ ಬಾಡಿಗೆ ಮೇಲೆ ಬಿದ್ದು, ಕೊನೆಗೆ ಬಂದ ದರಕ್ಕೆ ಕೊಟ್ಟೆವು. ಹನ್ನೊಂದು ಮಂದಿಯಲ್ಲಿ ಇಬ್ಬರು ನಮ್ಮ ಜೊತೆ ಆ ವರ್ಷವೆಲ್ಲ ಮಾತಾಡಲಿಲ್ಲ. ಒಬ್ಬರ ಮನೆಯಲ್ಲಿ ಆ ಹತ್ತಿಯ ಹಣದಿಂದ ಮಗಳ ಮದುವೆ ಆಗಬೇಕಿತ್ತು. ಮದುವೆ ಆಯಿತು, ಸಾಲದಲ್ಲಿ ಆಯಿತು. ಅವರು ಈ ಸಭೆಯಲ್ಲಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಅವರ ಮುಂದೆ ನಿಂತೇ ಈ ಮಾತು ಆಡಬೇಕೆಂದು ನಾವು ಈ ವಿಷಯ ಆರಿಸಿಕೊಂಡೆವು.

ಜಿನ್ನಿಂಗಿನವರು ಮೋಸ ಮಾಡಿದರು ಎಂದು ಊರಲ್ಲಿ ಮಾತಾಯಿತು. ನಾವೂ ಹಾಗೇ ಅಂದುಕೊಂಡಿದ್ದೆವು. ಆ ಬೇಸಿಗೆಯಲ್ಲಿ ತಿರುಪ್ಪೂರಿಗೆ ಹೋಗುವ ಪ್ರಸಂಗ ಬಂತು. ನಮ್ಮ ಅಕ್ಕನ ಮಗ ಅಲ್ಲಿ ಒಂದು ಹೆಣಿಗೆ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ತಮಿಳುನಾಡಿನ ತಿರುಪ್ಪೂರು ಅಂದರೆ ಬನಿಯನ್ನಿನ ಊರು. ನಾವು ಹಾಕುವ ಬನಿಯನ್, ಮಕ್ಕಳ ಟೀ ಶರ್ಟು, ಪರದೇಶಕ್ಕೆ ಹೋಗುವ ಮಾಲು, ಎಲ್ಲ ಅಲ್ಲಿ ತಯಾರಾಗುತ್ತದೆ. ಅವನು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದ.

ನೇಯ್ದ ಬಟ್ಟೆ ಬೇರೆ, ಹೆಣೆದ ಬಟ್ಟೆ ಬೇರೆ ಎಂಬುದು ನಮಗೆ ಅಲ್ಲಿಯವರೆಗೆ ಸರಿಯಾಗಿ ತಿಳಿದಿರಲಿಲ್ಲ. ಧೋತರ, ಲುಂಗಿ, ಸೀರೆ ಇವು ನೇಯ್ದವು. ಹಾಸು ಹೊಕ್ಕು ಎರಡು ನೂಲು ಅಡ್ಡ ಉದ್ದ ಹೋಗುತ್ತವೆ. ಹಾಸಿನ ನೂಲಿಗೆ ಗಂಜಿ ಹಚ್ಚಿ ಗಟ್ಟಿ ಮಾಡಿರುತ್ತಾರೆ, ಹುರಿಯೂ ಜಾಸ್ತಿ. ಬನಿಯನ್ ಹಾಗಲ್ಲ. ನಮ್ಮ ಅವ್ವಂದಿರು ಎರಡು ಕಡ್ಡಿ ಹಿಡಿದು ಸ್ವೆಟರ್ ಹಾಕುವ ಹಾಗೆ, ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ. ಗುಂಡಗಿನ ಯಂತ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೂಜಿಗಳು. ಒಂದೊಂದು ಸೂಜಿಯೂ ನೂಲನ್ನು ಕೊಕ್ಕೆಯಲ್ಲಿ ಹಿಡಿದು ಬಗ್ಗಿಸಿ ಎಳೆಯುತ್ತದೆ. ಬಟ್ಟೆ ಮೈಗೆ ಮೆತ್ತಗೆ ಕೂಡಬೇಕಾದ್ದರಿಂದ ನೂಲಿಗೆ ಹುರಿ ಕಡಿಮೆ. ಗಂಜಿ ಇಲ್ಲ, ಸೂಜಿಯಲ್ಲಿ ಜಾರಲೆಂದು ತುಸು ಮೇಣ ಸವರಿರುತ್ತಾರೆ. ಅಂದರೆ ಹುರಿಯ ಬಲ, ಗಂಜಿಯ ಬಲ ಎರಡೂ ಕಡಿಮೆ ಇದ್ದ ನೂಲು ಹತ್ತಿಯ ಸ್ವಂತ ಬಲದ ಮೇಲೆ ನಿಲ್ಲಬೇಕು. ಒಂದು ಕಡೆ ಗಂಟು ಬಂತೋ, ಸೂಜಿಯ ಕೊಕ್ಕೆ ಮುರಿಯುತ್ತದೆ. ತೆಳ್ಳಗಿದ್ದ ಜಾಗದಲ್ಲಿ ನೂಲು ಹರಿಯಿತೋ, ಕುಣಿಕೆ ಬಿಟ್ಟುಹೋಗಿ ಬಟ್ಟೆಗೆ ತೂತು. ನೇಯ್ಗೆಯಲ್ಲಿ ಹರಿದ ಎಳೆಯನ್ನು ಕೂಡಿಸಿ ಮುಂದೆ ಹೋಗಬಹುದು. ಹೆಣಿಗೆಯಲ್ಲಿ ಆ ತೂತು ಹಾಗೇ ಇಳಿಯುತ್ತ ಹೋಗುತ್ತದೆ.

ಒಂದು ಲೆಕ್ಕ ಹೇಳುತ್ತೇವೆ. ನೂಲಿನ ನಂಬರು ಎಂದು ಇರುತ್ತದೆ. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ನಂಬರು. ಟೀ ಶರ್ಟಿಗೆ ಸಾಮಾನ್ಯವಾಗಿ ಬಳಸುವ 30ನೇ ನಂಬರ್ ನೂಲು ಒಂದು ಕಿಲೋ ಬಿಚ್ಚಿ ಎಳೆದರೆ ಸುಮಾರು ಐವತ್ತು ಕಿಲೋಮೀಟರ್ ಉದ್ದ. ಸೇಡಂನಿಂದ ಹಿಡಿದುಕೊಂಡು ಹೊರಟರೆ ಕಲಬುರಗಿ ಹತ್ತಿರ ಹತ್ತಿರ ಮುಟ್ಟುತ್ತದೆ! ಆ ನೂಲನ್ನು ಅಡ್ಡ ಕತ್ತರಿಸಿ ನೋಡಿದರೆ ಹತ್ತಿಯ ಎಳೆಗಳು ಹೆಚ್ಚೂಕಡಿಮೆ ನೂರಿಪ್ಪತ್ತು ಮಾತ್ರ. ಅಷ್ಟು ತೆಳ್ಳಗಿನದರಲ್ಲಿ ಯೂರಿಯಾ ಚೀಲದ ಒಂದು ಎಳೆ ಹೊಕ್ಕರೆ ಏನಾಗಬೇಕು, ನೀವೇ ಯೋಚಿಸಿರಿ.

ನಮ್ಮ ಅಳಿಯ ನಮ್ಮನ್ನು ಕೊನೆಗೆ ಒಂದು ಕೋಣೆಗೆ ಕರೆದೊಯ್ದ. ಅಲ್ಲಿ ಗಾಜಿನ ಮೇಜು, ಕೆಳಗೆ ಟ್ಯೂಬ್ ಲೈಟು. ಕಡು ನೀಲಿ ಬಣ್ಣ ಹಾಕಿದ ಬಟ್ಟೆ ಅದರ ಮೇಲೆ ಎಳೆದಿದ್ದರು. ಇಬ್ಬರು ಹೆಣ್ಣುಮಕ್ಕಳು ಚಿಮಟಿಗೆ ಹಿಡಿದು ಬಟ್ಟೆಯಿಂದ ಏನನ್ನೋ ಒಂದೊಂದಾಗಿ ಕೀಳುತ್ತಿದ್ದರು. ಬಗ್ಗಿ ನೋಡಿದರೆ ಬಿಳಿ ಬಿಳಿ ಎಳೆ.

'ಮಾಮಾ, ನೂಲಿನ್ಯಾಗ ಇದು ಕಾಣಂಗಿಲ್ಲ. ಹತ್ತಿನೂ ಬೆಳ್ಳಗ, ಚೀಲನೂ ಬೆಳ್ಳಗ. ಬಣ್ಣ ಹಾಕಿದ ಮ್ಯಾಗ ಕಾಣ್ತದ. ಹತ್ತಿ ಬಣ್ಣ ಕುಡೀತದ, ಪ್ಲಾಸ್ಟಿಕ್ ಕುಡ್ಯಂಗಿಲ್ಲ. ಕಿತ್ತರ ತೂತ ಬೀಳ್ತದ, ಬಿಟ್ಟರ ಮಾಲ್ ವಾಪಸ್ ಬರ್ತದ' ಎಂದ.

ನಮ್ಮ ಹೊಲದಲ್ಲಿ ಹೆಣ್ಣುಮಕ್ಕಳು ಬಿಡಿಸಿ ತುಂಬಿದ್ದನ್ನು ನೂರಾರು ಮೈಲಿ ದೂರದಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳು ಕಣ್ಣು ಕೆಡಿಸಿಕೊಂಡು ಕೀಳುತ್ತಿದ್ದರು. ಅವರು ಕೀಳುತ್ತಿದ್ದದ್ದು ನಮ್ಮೂರ ಚೀಲದ್ದೇ ಎಂದು ಹೇಳಲಾರೆವು. ಅಲ್ಲ ಎಂದು ಹೇಳಲಿಕ್ಕೂ ಬಾಯಿ ಬರಲಿಲ್ಲ. ಆವತ್ತಿನಿಂದ ಜಿನ್ನಿಂಗಿನವರನ್ನು ಬೈಯುವುದು ಬಿಟ್ಟೆವು.

ಇದು ನಮ್ಮೂರ ಕಥೆ ಮಾತ್ರವೂ ಅಲ್ಲ. ಲೋಕದ ನೂಲಿನ ಮಿಲ್ಲುಗಳನ್ನು ಕೇಳಿ ನಡೆಸುವ ಸಮೀಕ್ಷೆಗಳಲ್ಲಿ, ಹೊರಗಿನ ಕಸ ಹೆಚ್ಚು ಕಲೆತ ಹತ್ತಿಯ ಪಟ್ಟಿಯಲ್ಲಿ ಭಾರತದ ಹಲವು ತಳಿಗಳ ಹೆಸರು ಬರುತ್ತ ಬಂದಿದೆ. ಇದೇ ಕಾರಣಕ್ಕೆ ಕೇಂದ್ರ ಸರ್ಕಾರ 2000ರಲ್ಲಿ ಹತ್ತಿ ತಂತ್ರಜ್ಞಾನ ಮಿಷನ್ ಎಂದು ಮಾಡಿ ಮಾರುಕಟ್ಟೆಯ ಕಟ್ಟೆಗಳನ್ನೂ ಜಿನ್ನಿಂಗ್ ಕಾರಖಾನೆಗಳನ್ನೂ ಸುಧಾರಿಸಿತು. ಯಂತ್ರ ಸುಧಾರಿಸಿದವು. ನಮ್ಮ ಚೀಲ ಸುಧಾರಿಸಲಿಲ್ಲ.

ತಳಿಯ ವಿಷಯದಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಧಾರವಾಡದ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ, ಆಮೇಲೆ 1981ರಲ್ಲಿ ಡಿ.ಸಿ.ಎಚ್. 32, ಜಯಲಕ್ಷ್ಮಿ ಎಂಬ ಉದ್ದೆಳೆಯ ಹೈಬ್ರಿಡ್‌ಗಳನ್ನು ಕೊಟ್ಟರು. ನಮ್ಮ ತಂದೆಯವರು ಡಿ.ಸಿ.ಎಚ್. ಬೆಳೆದು ಮನೆಗೆ ಫರಸಿ ಹಾಕಿಸಿದ್ದು ನಮಗೆ ನೆನಪಿದೆ. 2002ರ ನಂತರ ಬಿ.ಟಿ. ಬಂತು. ಈಗ ಎಲ್ಲರೂ ಹಾಕುವುದು ಅದೇ. ಇಂದಿನ ಬಿ.ಟಿ. ಹತ್ತಿಯ ಎಳೆ 28ರಿಂದ 30 ಮಿಲಿಮೀಟರ್ ಬರುತ್ತದೆ. ಹೊಸೈರಿಯ ಸಾಮಾನ್ಯ ನಂಬರಿಗೆ ಅಷ್ಟು ಸಾಕು. ಅಂದರೆ ದೇವರು ಮತ್ತು ಬೀಜ ಎರಡೂ ತಮ್ಮ ಪಾಲು ಕೊಟ್ಟಿವೆ. ಕೆಡುವುದು ಕಾಯಿ ಒಡೆದ ಮೇಲೆ.

ಅದು ಹೇಗೆ ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇವೆ.

ಮುಂಜಾನೆ ಇಬ್ಬನಿ ಆರುವ ಮೊದಲೇ ಬಿಡಿಸಲು ಇಳಿಯುತ್ತೇವೆ. ಬಿಸಿಲೇರುವ ಮೊದಲು ಕೆಲಸವಾಗಲಿ ಎಂದು. ಹಸಿ ಹತ್ತಿ ಚೀಲದಲ್ಲಿ ಕಾವು ಹಿಡಿದು ಹಳದಿ ತಿರುಗುತ್ತದೆ. ಜಿನ್ನಿಂಗಿನ ರೋಲಿನಲ್ಲಿ ಹಸಿ ಎಳೆ ಸುತ್ತಿಕೊಂಡು ಹೊಸೆದು ಗಂಟಾಗುತ್ತದೆ. ಇಬ್ಬನಿ ಆರಿದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ ಇಳಿದರೆ ಸಾಕು. ಗಿಡದ ಮೇಲಿನಿಂದ ಬಿಡಿಸುತ್ತ ಬಂದರೆ ಒಣ ಎಲೆ ಉದುರಿ ಕೆಳಗಿನ ಅರಳಿದ ಹತ್ತಿಯ ಮೇಲೆ ಕೂಡುತ್ತದೆ. ಕೆಳಗಿನಿಂದ ಮೇಲಕ್ಕೆ ಬಿಡಿಸಬೇಕು. ಇದು ನಮ್ಮ ಅಜ್ಜಿಗೂ ಗೊತ್ತಿದ್ದ ಮಾತು. ಅವಸರದಲ್ಲಿ ಮರೆತಿದ್ದೇವೆ.

ಅರೆ ಬಿರಿದ ಕಾಯಿಯನ್ನು ಕೂಲಿ ಉಳಿಯಲೆಂದು ಕಿತ್ತುಕೊಳ್ಳುತ್ತೇವೆ. ಗುಲಾಬಿ ಕಾಯಿಕೊರಕ ತಿಂದ ತೊಳೆಯನ್ನೂ ಅದರಲ್ಲೇ ಕೂಡಿಸುತ್ತೇವೆ. ಎಳ್ಳಮಾಸಿ ದಾಟಿದ ಮೇಲೆ ಬಿಡಿಸಿದ ಕಡೆಯ ಹತ್ತಿಯನ್ನು ಮೊದಲ ಬಿಡಿಕೆಯ ಬಿಳಿ ಹತ್ತಿಯ ಮಧ್ಯದಲ್ಲಿ ಅಡಗಿಸುತ್ತೇವೆ. ಬಲಿಯದ ಎಳೆಗೆ ಗೋಡೆ ತೆಳ್ಳಗೆ, ಜೀವವಿಲ್ಲ. ಯಂತ್ರದಲ್ಲಿ ಅದು ಸುತ್ತಿಕೊಂಡು ಸಾಸಿವೆಗಿಂತ ಸಣ್ಣ ಉಂಡೆಯಾಗುತ್ತದೆ. ಮಿಲ್ಲಿನವರು ನೆಪ್ ಎನ್ನುತ್ತಾರೆ. ಈ ಉಂಡೆ ಬಣ್ಣ ಹಿಡಿಯುವುದಿಲ್ಲ. ಕಪ್ಪು ಟೀ ಶರ್ಟಿನ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಕಾಣುವುದು ಇದರಿಂದ. ಒಳ್ಳೆಯ ಹೊಸೈರಿ ನೂಲಿಗೆ ಅರಳೆಯನ್ನು ಬಾಚಿ ಗಿಡ್ಡ ಎಳೆಗಳನ್ನೆಲ್ಲ ತೆಗೆದುಬಿಡುತ್ತಾರೆ. ನೂರು ಕಿಲೋದಲ್ಲಿ ಹದಿನೈದು ಕಿಲೋದ ಮೇಲೆ ಹಾಗೆ ಹೋಗುವುದುಂಟು. ನಮ್ಮ ಹತ್ತಿಯಲ್ಲಿ ಗಿಡ್ಡ ಎಳೆ, ಸತ್ತ ಎಳೆ ಜಾಸ್ತಿಯಾದಷ್ಟೂ ಅವರಿಗೆ ಲುಕ್ಸಾನು. ಆ ಲುಕ್ಸಾನನ್ನು ಅವರು ತಮ್ಮ ಕಿಸೆಯಿಂದ ಕೊಡುತ್ತಾರೆಯೆ? ನಮ್ಮ ದರದಲ್ಲಿ ಮುರಿಯುತ್ತಾರೆ.

ಬೆಳೆಯ ಕಡೆಗಾಲಕ್ಕೆ ಬಿಳಿ ನೊಣ, ಹೇನು ಬಿದ್ದರೆ ಎಲೆಯಿಂದ ಸಿಹಿ ಅಂಟು ಸೋರಿ ಹತ್ತಿಯ ಮೇಲೆ ಬೀಳುತ್ತದೆ. ಅಂಥ ಹತ್ತಿ ಮಿಲ್ಲಿನ ರೋಲರಿಗೆ ಮೆತ್ತಿಕೊಂಡು ನೂಲು ಹರಿಯುತ್ತ ಹೋಗುತ್ತದೆ. ಶಹಾಬಾದ, ವಾಡಿ ಕಡೆ ಕಲ್ಲಿನ ಲಾರಿ ಓಡುವ ರಸ್ತೆ ಪಕ್ಕದ ಹೊಲಗಳಲ್ಲಿ ಧೂಳಿನ ಪ್ರಶ್ನೆ ಬೇರೆ ಇದೆ. ಅದಕ್ಕೆ ನಮ್ಮಲ್ಲಿ ಉಪಾಯವಿಲ್ಲ. ರಸ್ತೆಯ ಅಂಚಿನ ನಾಲ್ಕು ಸಾಲನ್ನು ಬೇರೆ ಬಿಡಿಸಿ ಬೇರೆ ಇಡಬಹುದು, ಅಷ್ಟೆ. ಮನೆಯಲ್ಲಿ ಬರಿಯ ಫರಸಿಯ ಮೇಲೆ ಹತ್ತಿ ಸುರಿಯಬಾರದು. ನಮ್ಮ ಶಹಾಬಾದ ಕಲ್ಲು ತಂಪು ಕಲ್ಲು, ಚಳಿಗಾಲದಲ್ಲಿ ಪಸೆ ಹಿಡಿಯುತ್ತದೆ. ಹಳೆಯ ಧೋತರ, ಹಳೆಯ ಸೀರೆ ಹಾಸಿದರೂ ಸಾಕು, ದಾರ ಬಿಚ್ಚಿದ್ದು ಮಾತ್ರ ಬೇಡ. ಆಡು, ಕೋಳಿ ಆ ಕೋಣೆಗೆ ಹೋಗಬಾರದು.

ಇನ್ನು ನೀರಿನ ವಿಷಯ. ಇಲ್ಲಿ ಕೆಲವರು ತಲೆ ತಗ್ಗಿಸಿ ನಗುತ್ತಿದ್ದೀರಿ, ಯಾಕೆಂದು ನಮಗೆ ಗೊತ್ತಿದೆ. ತೂಕ ಬರಲೆಂದು ರಾತ್ರಿ ಚೀಲಕ್ಕೆ ನೀರು ಚಿಮುಕಿಸುವುದು. ಕೇಂದ್ರದ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ ಶೇಕಡಾ 8 ತೇವಾಂಶಕ್ಕೆ ಪೂರಾ ದರ. ಮೇಲೆ ಒಂದೊಂದು ಶೇಕಡಾಕ್ಕೂ ದರದಲ್ಲಿ ಒಂದು ಶೇಕಡಾ ಕಡತ. 12 ದಾಟಿದರೆ ಕೊಳ್ಳುವುದೇ ಇಲ್ಲ. 2025-26ರ ಹಂಗಾಮಿಗೆ ಉದ್ದೆಳೆ ಹತ್ತಿಗೆ ನಿಗದಿಯಾದ ದರ ಕ್ವಿಂಟಲಿಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710. ಉದ್ದೆಳೆ ಹತ್ತಿ 12ಕ್ಕೆ ಬಂದರೆ ಕ್ವಿಂಟಲಿಗೆ 324 ರೂಪಾಯಿ ಹೋಯಿತು. ನೀರು ಹಾಕಿದವರು ನಾಲ್ಕು ಕಿಲೋ ತೂಕ ಗಳಿಸಿದರು, ನಾಲ್ಕು ಶೇಕಡಾ ದರ ಕಳೆದುಕೊಂಡರು. ಯಾರಿಗೆ ಏನು ಉಳಿಯಿತು? ತಪ್ಪಿ 12ರ ಮೇಲೆ ಒಂದು ಗೆರೆ ಹೋದರೆ ಲಾರಿ ತಿರುಗಿ ಊರಿಗೆ.

ಇಷ್ಟೂ ಹೇಳುವುದು ಸುಲಭ. ಹೊಲದಲ್ಲಿ ಮಾಡಿಸುವುದು ಯಾಕೆ ಆಗುವುದಿಲ್ಲ ಎಂಬುದು ನಿಜವಾದ ಮಾತು.

ತಿರುಪ್ಪೂರಿನಿಂದ ಬಂದ ವರ್ಷ ನಾವು ದೊಡ್ಡ ಶಾಣ್ಯಾರಾಗಿ ಹೊಲದ ಬದುವಿನಲ್ಲಿ ನಿಂತು ಬಿಡಿಸುವ ಹೆಣ್ಣುಮಕ್ಕಳಿಗೆ ಭಾಷಣ ಮಾಡಿದೆವು. ಎಲೆ ಬರಬಾರದು, ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಕೊಳೆತ ತೊಳೆ ಬೇರೆ ಹಾಕಿ ಎಂದು. ನಮ್ಮ ಓಣಿಯ ಒಬ್ಬ ಹಿರಿಯವ್ವ ಉಡಿ ಬಿಚ್ಚಿ ಹತ್ತಿ ಸುರಿದು, ಸೊಂಟಕ್ಕೆ ಕೈ ಕೊಟ್ಟು ನಿಂತು ಹೇಳಿದಳು:

'ತಮ್ಮಾ, ಕಿಲೋಕ್ಕಿಷ್ಟು ಅಂತ ಲೆಕ್ಕ ಹಚ್ಚಿದಾಂವ ನೀನೇ. ಎಲಿ ಬ್ಯಾಡ ಅನ್ನಾಂವನೂ ನೀನೇ. ಎಲಿ ಆರಿಸ್ಕೋತ ಕುಂತ್ರ ತೂಕ ಬರಂಗಿಲ್ಲ. ತೂಕ ಬರ್ಲಿಲ್ಲಂದ್ರ ಸಂಜೀಕ ನಮ್ಮ ಒಲಿ ಹೊತ್ತಂಗಿಲ್ಲ. ನಿನ್ನ ಹತ್ತಿ ಬೆಳ್ಳಗಾದ್ರ ನಮಗೇನ್ ಬರ್ತದ, ಅದನ್ನ ಹೇಳು ಮದಲ.'

ಉತ್ತರ ಇರಲಿಲ್ಲ. ಆ ದಿನ ಸಂಜೆ ಮನೆಯಲ್ಲಿ ಹೇಳಿದರೆ ನಮ್ಮ ಮನೆಯವರೂ ಆಕೆಯ ಪಕ್ಷವನ್ನೇ ಹಿಡಿದರು.

ಯೋಚಿಸಿ ನೋಡಿದರೆ ಆಕೆ ಹೇಳಿದ ಮಾತೇ ನಮ್ಮ ಮಾತೂ ಹೌದು. ನಾವು ಅಡತಿ ಅಂಗಡಿಯವರಿಗೆ ಅದನ್ನೇ ಕೇಳಬೇಕಲ್ಲ, ಹತ್ತಿ ಸ್ವಚ್ಛ ತಂದರೆ ನಮಗೇನು ಬರುತ್ತದೆ ಎಂದು? ಒಬ್ಬ ರೈತ ಐದು ಕ್ವಿಂಟಲ್ ಸ್ವಚ್ಛ ಹತ್ತಿ ಒಯ್ದರೆ ಅದು ಹೋಗಿ ಬೀಳುವುದು ಹತ್ತು ಮಂದಿಯ ರಾಶಿಯಲ್ಲಿ. ಅಲ್ಲಿ ಸ್ವಚ್ಛವೂ ಒಂದೇ, ಕಸವೂ ಒಂದೇ. ನೂರು ಕಿಲೋ ಹತ್ತಿಗೆ ಅರಳೆ ಬರುವುದು ಮೂವತ್ನಾಲ್ಕು ಕಿಲೋ ಆಸುಪಾಸು, ಒಂದು ಅಂಡಿಗಿ ಅಂದರೆ 170 ಕಿಲೋ. ಐದು ಕ್ವಿಂಟಲಿಗೆ ಒಂದೇ ಅಂಡಿಗಿ. ಒಂದು ಅಂಡಿಗಿಗಾಗಿ ಯಾವ ಮಿಲ್ಲಿನವನೂ ಬಂದು ನಿಲ್ಲುವುದಿಲ್ಲ. ನೂರು ಅಂಡಿಗಿ ಒಂದೇ ಗುಣದ್ದು ಇದೆ ಎಂದರೆ ಬಂದು ಕೇಳುತ್ತಾನೆ. ನೂರು ಅಂಡಿಗಿಗೆ ಐದುನೂರು ಕ್ವಿಂಟಲ್ ಬೇಕು. ಅದು ಒಬ್ಬರ ಮನೆಯಲ್ಲಿ ಇರುವುದಿಲ್ಲ, ಸಂಘದಲ್ಲಿ ಇರಬಲ್ಲದು. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದು ಒಬ್ಬೊಬ್ಬರ ಕೈಲಾಗದ್ದು ಕೂಡಿ ಆಗಲಿ ಎಂದೇ. ನಾವು ಇಪ್ಪತ್ತೈದು ವರ್ಷ ಸಾಲ ಕೊಡುವುದಕ್ಕೆ, ಗೊಬ್ಬರ ಹಂಚುವುದಕ್ಕೆ ಕೂಡಿದೆವು. ಮಾರುವುದಕ್ಕೆ ಕೂಡಿದ್ದು ಒಂದು ಸಲ, ಅದೂ ಕೆಟ್ಟಿತು. ಆ ಒಂದು ಸಲಕ್ಕೆ ಹೆದರಿ ಕೂತಿದ್ದೆವು.

ಹೆದರಿಕೆ ಬಿಟ್ಟು ಕಳೆದ ಹಂಗಾಮಿನಲ್ಲಿ ಏಳು ಮಂದಿ ಮತ್ತೆ ಕೂಡಿದೆವು. ಮೊದಲ ಎರಡು ಬಿಡಿಕೆಯ ಹತ್ತಿ ಮಾತ್ರ. ಕೋರಾ ಬಟ್ಟೆಯ ಚೀಲ ಹೊಲಿಸಿದೆವು, ಬಾಯಿಗೆ ಹತ್ತಿಯ ಹಗ್ಗ. ಬಿಡಿಸುವವರಿಗೆ ಮೊದಲು ದಿನಗೂಲಿ ಕೊಟ್ಟು ನೋಡಿದೆವು. ಹೊಲದವರಿಗೆ ಕೆಲಸ ಸಾಗುವುದಿಲ್ಲ ಎಂದು ಬೇಸರವಾಯಿತು. ಆಮೇಲೆ ಕಿಲೋ ಲೆಕ್ಕವೇ ಇರಲಿ, ಸ್ವಚ್ಛ ಬಿಡಿಸಿದ್ದಕ್ಕೆ ಕಿಲೋಕ್ಕೆ ಎರಡು ರೂಪಾಯಿ ಮೇಲೆ ಎಂದು ಮಾಡಿದೆವು. ಯಾವುದು ಸ್ವಚ್ಛ ಎಂದು ಯಾರು ಹೇಳಬೇಕು? ಹೊಲದ ಯಜಮಾನ ಹೇಳಿದರೆ ಜಗಳ. ಅದಕ್ಕೆ ಆ ಹಿರಿಯವ್ವನನ್ನೇ ಕೂರಿಸಿದೆವು! ಆಕೆ ಉಡಿ ನೋಡಿ ಹೂಂ ಅಂದರೆ ಹೂಂ. ನಮ್ಮ ಸ್ವಂತ ಹೊಲದ ಎರಡು ಚೀಲವನ್ನು ಆಕೆ ಬೇಡ ಎಂದು ಬದಿಗಿಟ್ಟಳು. ಕೂಲಿ ಕಡಿಮೆ ಕೊಡಲು ಹೋದ ನಮ್ಮ ತಮ್ಮನಿಗೆ ಎಲ್ಲರ ಮುಂದೆ ಬೈದಳು.

ಫಲ ಏನಾಯಿತು ಎಂದು ಕೇಳುತ್ತೀರಿ. ಬಂಗಾರ ಸುರಿಯಲಿಲ್ಲ. ಅದೇ ವಾರ ಬೇರೆಯವರು ಅಡತಿಗೆ ಕೊಟ್ಟ ದರಕ್ಕಿಂತ ನಮ್ಮದು ಕ್ವಿಂಟಲಿಗೆ 380 ರೂಪಾಯಿ ಹೆಚ್ಚು ಬಂತು. ಅದರಲ್ಲಿ 200 ಬಿಡಿಸಿದವರಿಗೆ ಹೋಯಿತು. ಚೀಲದ ಖರ್ಚನ್ನು ಮೂರು ವರ್ಷಕ್ಕೆ ಹಂಚಿದರೆ ಕ್ವಿಂಟಲಿಗೆ 40. ಉಳಿದದ್ದು 140 ರೂಪಾಯಿ. ಇಷ್ಟಕ್ಕೇ ಇಷ್ಟು ತಾಪತ್ರಯವೆ ಎಂದು ಒಬ್ಬರು ಬಿಟ್ಟರು, ಅವರನ್ನು ನಾವು ತಪ್ಪು ಅನ್ನುವುದಿಲ್ಲ. ಕಡೆಯ ಬಿಡಿಕೆಯ ಹತ್ತಿ ಬೇರೆ ಇಟ್ಟಿದ್ದರಿಂದ ಅದಕ್ಕೆ ದರವೂ ಕಡಿಮೆ ಸಿಕ್ಕಿತು, ಅದನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಆದರೆ ಲಾರಿ ತಿರುಗಿ ಬರಲಿಲ್ಲ. ರಾಶಿಯ ಸುತ್ತ ತಿರುಗಿದ ಹುಡುಗನ ಕೈಗೆ ಎರಡು ಕೂದಲು ಬಿಟ್ಟರೆ ಏನೂ ಸಿಗಲಿಲ್ಲ. ಈ ವರ್ಷ ಎಷ್ಟು ಕೊಡುತ್ತೀರಿ ಎಂದು ಅವರಾಗಿಯೇ ಫೋನ್ ಮಾಡಿ ಕೇಳಿದ್ದಾರೆ.

ಈಗ ಎಲ್ಲರ ಬಾಯಲ್ಲೂ ಜವಳಿ ಪಾರ್ಕಿನ ಮಾತಿದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಮಿತ್ರ ಯೋಜನೆಗೆ ದೇಶದಲ್ಲಿ ಏಳು ಸ್ಥಳ ಆರಿಸಿತು. ಅದರಲ್ಲಿ ನಮ್ಮ ಕಲಬುರಗಿಯೂ ಒಂದು. ನೂಲುವುದು, ನೇಯುವುದು, ಹೆಣೆಯುವುದು, ಬಣ್ಣ, ಹೊಲಿಗೆ ಎಲ್ಲ ಒಂದೇ ಕಡೆ ಆಗಬೇಕೆಂಬುದು ಅದರ ಉದ್ದೇಶ. ನಮ್ಮ ಹುಡುಗರು ತಿರುಪ್ಪೂರಿಗೆ, ಬೆಂಗಳೂರಿಗೆ ಹೋಗುವುದು ತಪ್ಪಲಿ ಎಂದು ನಾವೂ ಹಾರೈಸುತ್ತೇವೆ. ಆದರೆ ಒಂದು ಮಾತು ತಿಳಿದಿರಲಿ. ಹತ್ತಿರದ ಹಳ್ಳಿಯವರು ಎಂಬ ಮೋರೆ ನೋಡಿ ಯಾರೂ ಹತ್ತಿ ಕೊಳ್ಳುವುದಿಲ್ಲ. ಗುಜರಾತಿನ ಅಂಡಿಗಿ ಸ್ವಚ್ಛವಿದ್ದರೆ ಅದೇ ರೈಲಿಗೆ ಬಂದು ವಾಡಿಯಲ್ಲಿ ಇಳಿಯುತ್ತದೆ. ನಮ್ಮ ಹತ್ತಿ ಮನೆಯಲ್ಲೇ ಇರುತ್ತದೆ. 'ಕಸ್ತೂರಿ ಕಾಟನ್' ಎಂಬ ಹೆಸರನ್ನು 2020ರಲ್ಲಿ ಭಾರತದ ಹತ್ತಿಗೆ ಇಟ್ಟರು. ಗುಣ ಒಪ್ಪಿದ ಅಂಡಿಗಿಗೆ ಕ್ಯೂಆರ್ ಗುರುತು ಹಚ್ಚಿ, ಅದು ಎಲ್ಲಿಂದ ಬಂತೆಂದು ಹಿಂದೆ ಹಿಂದೆ ನೋಡುತ್ತ ಬರುವ ವ್ಯವಸ್ಥೆ. ಅಂಥ ಕಾಲ ಬಂದಾಗ ಯೂರಿಯಾ ಚೀಲವೂ ಯಾರದೆಂದು ಸಿಕ್ಕಿಬೀಳುತ್ತದೆ, ಬಿಳಿ ಹತ್ತಿಯೂ ಯಾರದೆಂದು ಗೊತ್ತಾಗುತ್ತದೆ.

ಕಡೆಗೆ ಆಡಳಿತ ಮಂಡಳಿಯ ಅಪ್ಪಣೆ ಪಡೆದು ಕೆಲವು ವಿಷಯ ತಿಳಿಸುತ್ತೇವೆ. ದೀಪಾವಳಿ ಕಳೆದರೆ ಬಿಡಿಸುವುದು ಶುರು. ಗೋದಾಮಿನಲ್ಲಿ ಕೋರಾ ಬಟ್ಟೆಯ ಮುನ್ನೂರು ಚೀಲ ಹೊಲಿಸಿ ಇಟ್ಟಿದೆ. ಸೋಮವಾರದಿಂದ ಕೊಡುತ್ತಾರೆ. ಒಬ್ಬ ಸದಸ್ಯರಿಗೆ ಹತ್ತರ ಮೇಲೆ ಇಲ್ಲ. ಠೇವಣಿ ಕಟ್ಟಬೇಕು, ಚೀಲ ತಿರುಗಿ ಕೊಟ್ಟಾಗ ಠೇವಣಿ ವಾಪಸ್. ಆ ಚೀಲದಲ್ಲಿ ಜೋಳ, ತೊಗರಿ ತುಂಬಬಾರದು, ಹಾಸಿಗೆ ಮಾಡಿಕೊಳ್ಳಬಾರದು. ತಿರುಗಿ ಕೊಡದವರ ಹೆಸರು ನೋಟಿಸ್ ಬೋರ್ಡಿಗೆ ಹಚ್ಚುವುದು ಬೇಡ ಎಂದು ಕಾರ್ಯದರ್ಶಿಗಳು ಅಂತಾರೆ, ಹಚ್ಚಬೇಕು ಎಂದು ನಾವು ಅಂತೀವಿ. ಮುಂದಿನ ಸಭೆಯಲ್ಲಿ ಅದು ತೀರ್ಮಾನವಾಗಲಿ. ಬಿಡಿಸುವವರ ಎರಡು ರೂಪಾಯಿ ಸಂಘದ ಪುಸ್ತಕದಲ್ಲಿಯೇ ಬರೆದು, ಹತ್ತಿಯ ಹಣ ಬಟವಾಡೆ ಆಗುವ ದಿನ ಅವರ ಕೈಗೇ ಕೊಡಬೇಕೆಂದು ನಾವು ಸೂಚನೆ ಬರೆದು ಕೊಟ್ಟಿದ್ದೇವೆ. ಅದಕ್ಕೆ ಅನುಮೋದಕರು ಬೇಕು. ಹಿಂದಿನ ಸಾಲಿನ ಅವ್ವಂದಿರಲ್ಲಿ ಸದಸ್ಯರಾದವರು ಯಾರಾದರೂ ಎದ್ದು ಅನುಮೋದಿಸಿದರೆ ನಮಗೆ ಸಂತೋಷ.